ಸೋತ ಮರುದಿನದ ಕರ್ತವ್ಯ

2024ನೆಯ ಇಸವಿಯ ಅಕ್ಟೋಬರ್ 17ರಂದು, ಹಿಂದಿನ ದಿನವೆಲ್ಲ ಮಳೆಗೆ ಆಹುತಿಯಾಗಿ ಟಾಸ್ ಕೂಡ ನಡೆಯದೆ ಉಳಿದಿದ್ದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮೋಡ ಮುಸುಕಿದ ಆಕಾಶದ ಕೆಳಗೆ, ಟಾಸ್ ಗೆದ್ದು ತಾನಾಗಿಯೇ ಮೊದಲು ಬ್ಯಾಟು ಹಿಡಿಯಲು ನಿಶ್ಚಯಿಸಿದ ಭಾರತ ತಂಡವು 31.2 ಓವರುಗಳಲ್ಲಿ 46 ರನ್ನುಗಳಿಗೆ ಉರುಳಿ ಹೋಯಿತು. ಐವರು ದಾಂಡಿಗರು ಖಾತೆಯನ್ನೇ ತೆರೆಯಲಿಲ್ಲ. ನ್ಯೂಜಿಲೆಂಡಿನ ಮ್ಯಾಟ್ ಹೆನ್ರಿ 15 ರನ್ನುಗಳಿಗೆ 5, ವಿಲಿಯಂ ಓರೂರ್ಕ್ 22 ರನ್ನುಗಳಿಗೆ 4 ವಿಕೆಟ್ಟುಗಳನ್ನು ಕಿತ್ತರು. ಸ್ವದೇಶದ ನೆಲದಲ್ಲಿ ಭಾರತವು ಅದುವರೆಗೆ ಅಷ್ಟು ಅಲ್ಪ ಮೊತ್ತಕ್ಕೆ ಇಳಿದುದೇ ಇಲ್ಲ. ಬಳಿಕ ಬೆಂಗಳೂರು ಮೂಲದ ತಂದೆತಾಯಿಗಳಿಗೆ ವೆಲ್ಲಿಂಗ್ಟನ್ನಿನಲ್ಲಿ ಜನಿಸಿದ ರಚಿನ್ ರವೀಂದ್ರ, ತನ್ನ ಹಿರಿಯರ ಊರಿನಲ್ಲಿಯೇ 134 ರನ್ನುಗಳ ಶತಕ ಬಾರಿಸಿ ನ್ಯೂಜಿಲೆಂಡಿಗೆ 356 ರನ್ನುಗಳ ಮುನ್ನಡೆ ದೊರಕುವಂತೆ ಮಾಡಿದನು. ಎರಡನೆಯ ಸರದಿಯಲ್ಲಿ ಸರ್ಫರಾಜ್ ಖಾನನ 150, ರಿಷಭ್ ಪಂತನ 99 ರನ್ನುಗಳ ಬಲದಿಂದ ಭಾರತವು 462ನ್ನು ಗಳಿಸಿತಾದರೂ, ಅಕ್ಟೋಬರ್ 20ರಂದು 8 ವಿಕೆಟ್ಟುಗಳಿಂದ ಸೋತಿತು.

ಸೋಲು ಆಟಕ್ಕೆ ಸಹಜವಾದುದು. ಅದರಿಂದ ಯಾವ ಕುಲಕ್ಕೂ ಕಳಂಕವಿಲ್ಲ. ಆದರೆ ಆ ಸೋಲಿಗೆ ನಮ್ಮವರು ಕೊಟ್ಟ ಉತ್ತರವಿದೆಯಲ್ಲ, ಅದು ನನ್ನನ್ನು ಇಂದಿಗೂ ಚಿಂತೆಗೆ ಹಚ್ಚಿದೆ. ಒಂದು ಮುಂಜಾವಿನ ತೇವ, ಒಂದು ತಪ್ಪು ನಿರ್ಣಯ, ಇಬ್ಬರು ಎತ್ತರದ ವೇಗಿಗಳ ನಿಖರತೆ, ಇಷ್ಟು ಕೂಡಿ 46 ಆಯಿತೆಂಬುದೂ, ಅದೇ ದಾಂಡಿಗರು ಅದೇ ಅಂಗಳದಲ್ಲಿ ಎರಡು ದಿನಗಳ ಬಳಿಕ 462ನ್ನು ಕಟ್ಟಿದರೆಂಬುದೂ ಸ್ಕೋರುಪಟ್ಟಿಯಲ್ಲಿಯೇ ಬರೆದಿತ್ತು. ಪಿಚ್ಚನ್ನು ತಾನು ತಪ್ಪಾಗಿ ಗ್ರಹಿಸಿದೆನೆಂದು ನಾಯಕ ರೋಹಿತ್ ಶರ್ಮಾ ಪತ್ರಕರ್ತರೆದುರು ಒಪ್ಪಿಕೊಂಡಿದ್ದರು. ಅದು ಪ್ರಾಮಾಣಿಕವಾದ ಮಾತು, ಅಲ್ಲಿಗೇ ನಿಲ್ಲಬಹುದಾಗಿದ್ದ ಮಾತು. ಆದರೆ ನಾಲ್ಕೇ ದಿನಗಳಲ್ಲಿ ಪುಣೆಯಲ್ಲಿ ಎರಡನೆಯ ಟೆಸ್ಟ್ ಆರಂಭವಾದಾಗ ತಂಡದಲ್ಲಿ ಮೂವರು ಬದಲಾಗಿದ್ದರು, ನಮ್ಮ ಕೆ. ಎಲ್. ರಾಹುಲ್ ಹೊರಗುಳಿದಿದ್ದರು, ಅಂಗಳವು ಚೆಂಡು ತಿರುಗುವಂತೆ ಒಣಗಿ ನಿಂತಿತ್ತು. ವೇಗಿಗಳಿಂದ ಸೋತವರು ತಿರುಗುವ ಅಂಗಳವನ್ನು ಹಾಸಿದರು. ಬೆಂಗಳೂರಿನಲ್ಲಿ ಆಡಿಯೇ ಇರದ ಮಿಚೆಲ್ ಸ್ಯಾಂಟ್ನರ್, ಹೆನ್ರಿಯ ಬದಲಿಗೆ ಬಂದು, 13 ವಿಕೆಟ್ಟುಗಳನ್ನು ಪಡೆದು ಹೋದನು. ಸೋಲು 113 ರನ್ನುಗಳದು. ಮುಂಬಯಿಯಲ್ಲಿ 147ರ ಗುರಿಯ ಬೆನ್ನುಹತ್ತಿ 121ಕ್ಕೆ ಮುಗಿದು, ಮೂರನೆಯದನ್ನೂ 25 ರನ್ನುಗಳಿಂದ ಕಳೆದುಕೊಂಡೆವು. ಹನ್ನೆರಡು ವರ್ಷಗಳಿಂದ ಸ್ವದೇಶದಲ್ಲಿ ಸತತವಾಗಿ 18 ಸರಣಿಗಳನ್ನು ಗೆದ್ದು ಬಂದಿದ್ದ ತಂಡವು ಮೂರಕ್ಕೆ ಮೂರನ್ನೂ ಸೋತಿತು.

ಸೋತ ತಂಡವು ಮರುದಿನ ಮಾಡಬೇಕಾದುದೇನು? ಸೋಲಿನ ಗಾತ್ರವನ್ನು ಇದ್ದಷ್ಟೇ ಅಳೆಯಬೇಕು. ಅದರಲ್ಲಿ ತನ್ನ ಪಾಲು ಎಷ್ಟು, ಎದುರಾಳಿಯ ಪ್ರತಿಭೆ ಎಷ್ಟು, ದೈವದ್ದೆಷ್ಟು ಎಂಬುದನ್ನು ವಿಂಗಡಿಸಬೇಕು. ವಿಂಗಡಿಸಿದ ಮೇಲೆ ತನ್ನ ಪಾಲನ್ನು ಮಾತ್ರ, ಆದರೆ ಅದನ್ನು ನಿರ್ದಾಕ್ಷಿಣ್ಯವಾಗಿ, ತಿದ್ದಿಕೊಳ್ಳಬೇಕು. ಕೇಳುವುದಕ್ಕೆ ಸರಳವಾದ ಈ ಕಾರ್ಯವು ಎಷ್ಟು ಕಠಿಣವೆಂಬುದಕ್ಕೆ ನಮ್ಮ ಕ್ರಿಕೆಟ್ಟಿನ ಚರಿತ್ರೆಯೇ ಸಾಕ್ಷಿ.

ಕೌಜಲಗಿಯಲ್ಲಿ ಕುಳಿತು ಇದನ್ನು ಬರೆಯುವವನಿಗೆ ಒಂದು ಅನುಕೂಲವುಂಟು. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟದ ಕಲಾವಿದೆ ಕೌಜಲಗಿ ನಿಂಗಮ್ಮನವರು ತಮ್ಮ ಹೆಸರಿನೊಡನೆ ಹೊತ್ತ ಈ ಊರಿನಲ್ಲಿ, ಕುಲಗೋಡ ತಮ್ಮಣ್ಣನ ಆ ಆಟವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದ ಹಿರಿಯರ ಈ ಸೀಮೆಯಲ್ಲಿ, ಐದು ದಿನಗಳ ಆಟವನ್ನು ಯಾತಕ್ಕಾಗಿ ಆಡಬೇಕೆಂದು ಯಾರಿಗೂ ಹೊಸದಾಗಿ ವಿವರಿಸಬೇಕಾಗಿಲ್ಲ. ಇನ್ನು ಸೋಲಿನ ವಿಷಯಕ್ಕೆ ಬಂದರೆ, ಗರಡಿಯ ಮಣ್ಣನ್ನು ಮೈಗೆ ಬಳಿದುಕೊಂಡ ಈ ನಾಡಿಗೆ ಅದರ ಶಾಸ್ತ್ರವೂ ತಿಳಿದದ್ದೇ: ಜಾತ್ರೆಯ ಕಣದಲ್ಲಿ ಚಿತ್ತಾಗಿ ಬಂದ ಪೈಲವಾನನನ್ನು ಉಸ್ತಾದನು ಮರುದಿನ ಗರಡಿಯಿಂದ ಹೊರಗೆ ಹಾಕುವುದಿಲ್ಲ, ಕಣದ ಮಣ್ಣನ್ನೂ ಬೈಯುವುದಿಲ್ಲ, ಯಾವ ಪಟ್ಟಿಗೆ ಬಿದ್ದನೋ ಅದೇ ಪಟ್ಟನ್ನು ಅವನ ಮೇಲೆ ಮತ್ತೆ ಮತ್ತೆ ಹಾಕಿ, ಅದರಿಂದ ಬಿಡಿಸಿಕೊಳ್ಳುವವರೆಗೂ ಬಿಡುವುದಿಲ್ಲ.

ಸೋತವರನ್ನು ಜನ ಹೇಗೆ ಕಾಣಬಾರದೆಂಬುದಕ್ಕೆ 1974ನ್ನು ನೆನೆಯಬೇಕು. ಆ ವರ್ಷದ ಜೂನ್ 24ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತವು 17 ಓವರುಗಳಲ್ಲಿ 42ಕ್ಕೆ ಮುಗಿದು, ಇನ್ನಿಂಗ್ಸ್ ಮತ್ತು 285 ರನ್ನುಗಳಿಂದ ಸೋತಿತು. 1971ರಲ್ಲಿ ವೆಸ್ಟ್ ಇಂಡೀಸನ್ನೂ ಇಂಗ್ಲೆಂಡನ್ನೂ ಅವರವರ ನೆಲದಲ್ಲಿಯೇ ಮಣಿಸಿ ಬಂದ ಅಜಿತ್ ವಾಡೇಕರ್, ಮೂರು ವರ್ಷಗಳ ಹಿಂದೆ ಹೂಮಾಲೆ ಹಾಕಿಸಿಕೊಂಡ ಊರಿನಲ್ಲಿಯೇ ಮನೆಗೆ ಕಲ್ಲು ಬೀಳುವುದನ್ನು ಕಂಡರು. ಆ ವಿಜಯಗಳ ಸ್ಮರಣೆಗೆಂದು ಇಂದೂರಿನಲ್ಲಿ ನಿಲ್ಲಿಸಿದ್ದ ಬೃಹದಾಕಾರದ ಬ್ಯಾಟಿಗೆ ಜನರು ಮಸಿ ಬಳಿದರು. ಪಶ್ಚಿಮ ವಲಯದ ತಂಡದಿಂದಲೂ ಕೈಬಿಡಲ್ಪಟ್ಟ ಆ ಸಜ್ಜನರು ಕ್ರಿಕೆಟ್ಟಿಗೇ ವಿದಾಯ ಹೇಳಿದರು. ಕೋಪವು ಒಬ್ಬನ ಮೇಲೆ ಬಿದ್ದು ತಣಿಯಿತೇ ಹೊರತು, ಹೊರಳುವ ಹೊಸ ಚೆಂಡನ್ನು ಆಡುವ ವಿದ್ಯೆಯು ಅದರಿಂದ ಯಾರಿಗೂ ಬರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಕಂಡಿತು. ಚಿನ್ನಸ್ವಾಮಿ ಅಂಗಳದ ಟೆಸ್ಟ್ ಇತಿಹಾಸವು ಆರಂಭವಾದುದೇ ಸೋಲಿನಿಂದ ಎಂಬುದು ನಮ್ಮಲ್ಲಿ ಬಹುಮಂದಿಗೆ ಮರೆತಿದೆ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಎಂಬಿಬ್ಬರು ಹೊಸಬರನ್ನು ಕಣಕ್ಕಿಳಿಸಿದ ವೆಸ್ಟ್ ಇಂಡೀಸ್ 267 ರನ್ನುಗಳಿಂದ ಗೆದ್ದಿತು. ನಾಯಕ ಪಟೌಡಿ ಗಾಯಗೊಂಡರು. ದೆಹಲಿಯಲ್ಲಿ ಇನ್ನಿಂಗ್ಸ್ ಮತ್ತು 17 ರನ್ನುಗಳ ಸೋಲು. ಹೀಗೆ ಎರಡು ಟೆಸ್ಟುಗಳನ್ನು ಕಳೆದುಕೊಂಡ ತಂಡವು ಕಲಕತ್ತೆಗೆ ಬಂದಾಗ, ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಎರಡನೆಯ ಸರದಿಯಲ್ಲಿ 139 ರನ್ನುಗಳನ್ನು ಕಟ್ಟಿದರು. ಚಂದ್ರಶೇಖರ್ ಮತ್ತು ಬೇಡಿ ಉಳಿದುದನ್ನು ಪೂರೈಸಿ 85 ರನ್ನುಗಳ ಗೆಲುವನ್ನು ತಂದರು. ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸನ ಉರಿಯುವ ವೇಗಕ್ಕೆ 7 ವಿಕೆಟ್ಟುಗಳು ಬಿದ್ದು ಭಾರತವು 190ಕ್ಕೆ ಮುಗಿದಾಗ, ಅದರಲ್ಲಿ 97 ವಿಶ್ವನಾಥರವು, ಅದೂ ಅಜೇಯವಾಗಿ. ಶತಕಕ್ಕೆ ಮೂರು ರನ್ನು ಕಡಿಮೆಯಾದ ಆ ಆಟವನ್ನು, ಅದನ್ನು ಕಂಡ ಅನೇಕರು, ಶತಕಗಳಿಗಿಂತ ಮೇಲಿನ ಪಂಕ್ತಿಯಲ್ಲಿ ಇಟ್ಟಿದ್ದಾರೆ; ನನಗೂ ಅದೇ ಸರಿಯೆನ್ನಿಸುತ್ತದೆ. ಅಲ್ಲಿ 100 ರನ್ನುಗಳಿಂದ ಗೆದ್ದು ಸರಣಿಯನ್ನು ಎರಡಕ್ಕೆ ಎರಡಾಗಿಸಿದ ಭಾರತವು ಕೊನೆಯ ಪಂದ್ಯವನ್ನು ಮುಂಬಯಿಯಲ್ಲಿ ಸೋತಿತು. ಸೋತರೂ, ಲಾರ್ಡ್ಸಿನ 42ರಿಂದ ಮುರಿದುಬಿದ್ದಿದ್ದ ತಂಡವೊಂದು ಏಳು ತಿಂಗಳೊಳಗೆ ಲೋಕದ ಪ್ರಬಲರಲ್ಲೊಬ್ಬರನ್ನು ಕೊನೆಯ ಪಂದ್ಯದವರೆಗೆ ಎಳೆದು ತಂದಿತೆಂಬುದು ಸಾಮಾನ್ಯ ಸಂಗತಿಯಲ್ಲ.

1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಸೋಲಿನ ರೀತಿ ಬೇರೆ. ಬ್ರಿಸ್ಬೇನಿನಲ್ಲಿ 16 ರನ್ನುಗಳಿಂದ, ಪರ್ತಿನಲ್ಲಿ 2 ವಿಕೆಟ್ಟುಗಳಿಂದ ಸೋತುದು. ಹೀನಾಯವಾಗಿ ಸೋಲುವುದು ಒಂದು ಬಗೆಯ ದುಃಖವಾದರೆ ಕೂದಲೆಳೆಯಲ್ಲಿ ಸೋಲುವುದು ಇನ್ನೊಂದು ಬಗೆಯದು; ಎರಡನೆಯದರಲ್ಲಿ, ಎಲ್ಲವೂ ಸರಿಯಾಗಿದೆಯೆಂದು ಸಮಾಧಾನಪಡುವ ಅಪಾಯವೂ, ಗೆಲ್ಲುವ ಯೋಗವೇ ನಮಗಿಲ್ಲವೆಂದು ಕೈಚೆಲ್ಲುವ ಅಪಾಯವೂ ಸಮಸಮವಾಗಿ ಕಾದಿರುತ್ತವೆ. ಬೇಡಿಯ ತಂಡವು ಎರಡಕ್ಕೂ ಎಡೆಗೊಡಲಿಲ್ಲ. ಮೆಲ್ಬರ್ನಿನಲ್ಲಿ, ಬಾಲ್ಯದ ಪೋಲಿಯೊದಿಂದ ಕೃಶವಾದ ತನ್ನ ಬಲಗೈಯಿಂದಲೇ ಚೆಂಡು ತಿರುಗಿಸುತ್ತಿದ್ದ ಭಾಗವತ್ ಚಂದ್ರಶೇಖರ್ ಮೊದಲ ಸರದಿಯಲ್ಲಿ 52 ರನ್ನುಗಳಿಗೆ 6, ಎರಡನೆಯದರಲ್ಲಿಯೂ ಸರಿಯಾಗಿ 52 ರನ್ನುಗಳಿಗೆ 6 ವಿಕೆಟ್ಟುಗಳನ್ನು ಪಡೆದರು. 1978ರ ಜನವರಿ 4ರಂದು 222 ರನ್ನುಗಳಿಂದ ಬಂದ ಆ ಗೆಲುವು ಆಸ್ಟ್ರೇಲಿಯಾದ ನೆಲದಲ್ಲಿ ಭಾರತದ ಪ್ರಥಮ ಟೆಸ್ಟ್ ವಿಜಯ. ಪ್ಯಾಕರ್ ಎಂಬ ಉದ್ಯಮಿಯ ಖಾಸಗಿ ಕ್ರಿಕೆಟ್ ಸಾಹಸದಿಂದ ಆಸ್ಟ್ರೇಲಿಯಾ ತನ್ನ ಶ್ರೇಷ್ಠರನ್ನು ಕಳೆದುಕೊಂಡು, ನಿವೃತ್ತನಾಗಿದ್ದ 41ರ ಹರೆಯದ ಬಾಬ್ ಸಿಂಪ್ಸನ್ನನನ್ನು ಮರಳಿ ಕರೆತಂದಿತ್ತೆಂಬುದು ನಿಜ. ಆದರೂ ಎರಡು ಸೋಲುಗಳ ಭಾರವನ್ನು ಹೊತ್ತು ಆ ಕಣಕ್ಕೆ ಇಳಿದವರ ಧೈರ್ಯಕ್ಕೆ ಅದರಿಂದ ಕುಂದಿಲ್ಲ. ಮುಂದಿನ ಸಿಡ್ನಿ ಟೆಸ್ಟನ್ನು ಭಾರತವು ಇನ್ನಿಂಗ್ಸಿನಿಂದಲೇ ಗೆದ್ದಿತು.

ಅನ್ಯಾಯದ ನೆರಳು ಬಿದ್ದ ಸೋಲಿಗೆ ಉತ್ತರ ಕೊಡುವುದು ಎಲ್ಲಕ್ಕಿಂತ ದುಷ್ಕರ. 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ 30 ರನ್ನು ಗಳಿಸಿದ್ದಾಗ ಬ್ಯಾಟಿಗೆ ತಗುಲಿ ಹಿಂದೆ ಸೇರಿದ ಚೆಂಡನ್ನು ಅಂಪೈರ್ ಸ್ಟೀವ್ ಬಕ್ನರ್ ಕಾಣಲಿಲ್ಲ; ಆತ 162ನ್ನು ಗಳಿಸಿ ಅಜೇಯನಾಗಿ ಉಳಿದನು. ಕೊನೆಯ ದಿನ ಬ್ಯಾಟಿಗೆ ತಾಗದ ಚೆಂಡಿಗೆ ರಾಹುಲ್ ದ್ರಾವಿಡರನ್ನು ಹೊರಗೆ ಕಳುಹಿಸಲಾಯಿತು. ಹರಭಜನ್ ಸಿಂಗರ ಮೇಲೆ ಜನಾಂಗನಿಂದೆಯ ಆರೋಪ ಬಂದು ಮೂರು ಟೆಸ್ಟುಗಳ ನಿಷೇಧವಾಯಿತು. ಆಟ ಮುಗಿಯಲು ನಿಮಿಷಗಳಷ್ಟೇ ಉಳಿದಿರುವಾಗ ಮೈಕೇಲ್ ಕ್ಲಾರ್ಕನ ಒಂದೇ ಓವರಿನಲ್ಲಿ ಕೊನೆಯ ಮೂರು ವಿಕೆಟ್ಟುಗಳು ಬಿದ್ದು 122 ರನ್ನುಗಳ ಸೋಲಾಯಿತು. ಇನ್ನೊಂದು ತುದಿಯಲ್ಲಿ 45 ರನ್ನುಗಳೊಂದಿಗೆ ಅಜೇಯರಾಗಿ ನಿಂತಿದ್ದವರು ನಾಯಕ ಅನಿಲ್ ಕುಂಬ್ಳೆ. ಎರಡು ತಂಡಗಳಲ್ಲಿ ಒಂದು ಮಾತ್ರ ಕ್ರೀಡಾಧರ್ಮವನ್ನು ಅನುಸರಿಸಿ ಆಡಿತೆಂಬ ಅರ್ಥದ ಒಂದೇ ವಾಕ್ಯವನ್ನು ಅವರು ಆ ಸಂಜೆ ಪತ್ರಕರ್ತರೆದುರು ಆಡಿದರು. ದೇಶದಲ್ಲಿ ಪ್ರವಾಸವನ್ನೇ ತೊರೆದು ಬನ್ನಿರೆಂಬ ಕೂಗು ಎದ್ದಿತು.

ಕುಂಬ್ಳೆಯವರ ಹಿರಿಮೆಯು ಆ ಒಂದು ವಾಕ್ಯದಲ್ಲಿದೆಯೆಂದು ಜನರು ಭಾವಿಸುತ್ತಾರೆ. ಅದರ ಅನಂತರದ ಹತ್ತು ದಿನಗಳಲ್ಲಿ ಅದು ಇನ್ನೂ ಸ್ಪಷ್ಟವಾಗಿದೆಯೆಂದು ನಾನು ನಂಬುತ್ತೇನೆ. ದೂರನ್ನು ಹೇಳಬೇಕಾದಲ್ಲಿ ಹೇಳಿಯಾಯಿತು. ಆ ಮೇಲೆ, ಬ್ರಾಡ್ ಹಾಗ್ ಆಡಿದ ಕೆಟ್ಟ ಮಾತಿನ ಬಗ್ಗೆ ತಮ್ಮ ತಂಡವೇ ಸಲ್ಲಿಸಿದ್ದ ಆರೋಪವನ್ನು ಅವರು ಹಿಂದಕ್ಕೆ ಪಡೆದರು. ಬಳಿಕ ಅಂಪೈರನ ಪಾಲು ಕಳೆದು ತಮ್ಮ ಪಾಲಿಗೆ ಉಳಿದ ದೋಷಗಳತ್ತ ಕಣ್ಣು ಹಾಯಿಸಿದರು. ಮೆಲ್ಬರ್ನ್ ಮತ್ತು ಸಿಡ್ನಿಗಳಲ್ಲಿ ದ್ರಾವಿಡರನ್ನು, ಅವರದಲ್ಲದ ಆರಂಭಿಕನ ಸ್ಥಾನದಲ್ಲಿ ಆಡಿಸಲಾಗಿತ್ತು. ಪರ್ತಿನಲ್ಲಿ ವೀರೇಂದ್ರ ಸೆಹ್ವಾಗರನ್ನು ಆರಂಭಕ್ಕೆ ತಂದು, ದ್ರಾವಿಡರನ್ನು ಅವರ ಸ್ವಸ್ಥಾನವಾದ ಮೂರನೆಯ ಕ್ರಮಾಂಕಕ್ಕೆ ಮರಳಿಸಿದರು. ದ್ರಾವಿಡರು 93 ರನ್ನು ಗಳಿಸಿದರು. ಲೋಕದಲ್ಲಿಯೇ ಅತಿ ವೇಗದ್ದೆಂದು ಹೆಸರಾಗಿದ್ದ ಆ ಅಂಗಳದಲ್ಲಿ ಭಾರತೀಯರು ಮೂರು ದಿನ ನಿಲ್ಲಲಾರರೆಂದು ಬಹಳ ಜನ ತಿಳಿದಿದ್ದರು. ನಾಲ್ಕನೆಯ ಬೆಳಗ್ಗೆ 19ರ ಹರೆಯದ ಇಶಾಂತ್ ಶರ್ಮಾ, ರಿಕಿ ಪಾಂಟಿಂಗನಂಥ ದಾಂಡಿಗನನ್ನು ಒಂದು ದೀರ್ಘವಾದ ಸ್ಪೆಲ್ಲಿನಲ್ಲಿ ಕಾಡಿ ಕಾಡಿ, ಇನ್ನು ಸಾಕೆನ್ನುವಾಗ ಕುಂಬ್ಳೆಯವರು ಕೊಟ್ಟ ಮತ್ತೊಂದು ಓವರಿನಲ್ಲಿ ಸ್ಲಿಪ್ಪಿನಲ್ಲಿದ್ದ ದ್ರಾವಿಡರ ಕೈಗೆ ಸಿಕ್ಕಿಸಿದನು. ಸತತ 16 ಟೆಸ್ಟುಗಳನ್ನು ಗೆದ್ದು ಬಂದಿದ್ದ ಆಸ್ಟ್ರೇಲಿಯಾ 72 ರನ್ನುಗಳಿಂದ ಸೋತಿತು. ಅದೇ ಪಂದ್ಯದಲ್ಲಿ ಸೈಮಂಡ್ಸನನ್ನು ಕೆಡವಿ ಕುಂಬ್ಳೆಯವರು ತಮ್ಮ 600ನೆಯ ಟೆಸ್ಟ್ ವಿಕೆಟ್ಟನ್ನು ಪಡೆದರು. ಅನ್ಯಾಯಕ್ಕೊಳಗಾದವನು ತನ್ನ ಲೋಪಗಳನ್ನು ಮರೆಯುವುದು ಬಹು ಸುಲಭ. ಹಾಗೆ ಮರೆಯದೆ ಉಳಿದ ಈ ನಾಯಕನನ್ನು ಕನ್ನಡಿಗರು ಎಷ್ಟು ಕೊಂಡಾಡಿದರೂ ಕಡಿಮೆಯೇ.

ಒಂಬತ್ತು ವರ್ಷಗಳ ಬಳಿಕ ಅದೇ ಕುಂಬ್ಳೆ ತಂಡದ ತರಬೇತುದಾರರಾಗಿದ್ದಾಗ, 2017ರ ಫೆಬ್ರವರಿಯಲ್ಲಿ, ಪುಣೆಯ ಧೂಳೇಳುವ ಅಂಗಳದಲ್ಲಿ ಸ್ಟೀವ್ ಓಕೀಫ್ ಎಂಬ ಆಸ್ಟ್ರೇಲಿಯಾದ ಎಡಗೈ ಸ್ಪಿನ್ನರ್, ಚಂದ್ರಶೇಖರರನ್ನು ನೆನಪಿಗೆ ತರುವ ರೀತಿಯಲ್ಲಿ, ಎರಡೂ ಸರದಿಗಳಲ್ಲಿ 35 ರನ್ನುಗಳಿಗೆ 6ರಂತೆ ವಿಕೆಟ್ಟು ಪಡೆದು ಭಾರತವನ್ನು 105 ಮತ್ತು 107ಕ್ಕೆ ಮುಗಿಸಿದನು. ಸೋಲು 333 ರನ್ನುಗಳದು. ಸ್ವದೇಶದಲ್ಲಿ 19 ಟೆಸ್ಟುಗಳಿಂದ ಅಜೇಯವಾಗಿದ್ದ ದಾಖಲೆ ಮೂರೇ ದಿನಗಳಲ್ಲಿ ಮುರಿಯಿತು. ಉಳಿದ ದಿನಗಳಲ್ಲಿ ಆಟಗಾರರು ಪುಣೆಯ ಸಮೀಪದ ಸಹ್ಯಾದ್ರಿಯ ಬೆಟ್ಟಗಳಿಗೆ ಚಾರಣ ಹೋಗಿಬಂದರು. ಇದನ್ನು ಹಗುರವಾದ ವಿಹಾರವೆಂದು ಆಕ್ಷೇಪಿಸಿದವರೂ ಇದ್ದರು. ನಾನು ಹಾಗೆ ಎಣಿಸುವುದಿಲ್ಲ. ಸೋತ ಮನಸ್ಸು ಸೋತ ಅಂಗಳದ ಸುತ್ತಲೇ ಸುತ್ತುತ್ತಿದ್ದರೆ ಅಳತೆ ತಪ್ಪುತ್ತದೆ.

ಮಾರ್ಚ್ 4ರಂದು ಬೆಂಗಳೂರಿನಲ್ಲಿ ಎರಡನೆಯ ಟೆಸ್ಟ್ ಆರಂಭವಾದಾಗ ಮೊದಲ ದಿನವೇ ನೇಥನ್ ಲಯನ್ 50 ರನ್ನುಗಳಿಗೆ 8 ವಿಕೆಟ್ಟು ಪಡೆದು ಭಾರತವನ್ನು 189ಕ್ಕೆ ಇಳಿಸಿದನು. ಅದರಲ್ಲಿ 90 ಕೆ. ಎಲ್. ರಾಹುಲರವು. ಸಂಜೆಯ ಹೊತ್ತಿಗೆ ಆಸ್ಟ್ರೇಲಿಯಾ ವಿಕೆಟ್ ನಷ್ಟವಿಲ್ಲದೆ 40. ಪುಣೆಯ ಕಥೆಯೇ ಮರುಕಳಿಸಿತೆಂದು ತಿಳಿದವರಿಗೆ ಎರಡನೆಯ ದಿನ ಉತ್ತರ ದೊರೆಯಿತು. ಆ ದಿನದ ಆಟವನ್ನು ಕುರಿತು ಯಾರೂ ಹಾಡು ಕಟ್ಟಲಿಲ್ಲ, ಏಕೆಂದರೆ ಕಣ್ಣಿಗೆ ಕಟ್ಟುವಂಥದು ಅಲ್ಲಿ ಏನೂ ನಡೆಯಲಿಲ್ಲ. 90 ಓವರುಗಳ ಉದ್ದಕ್ಕೂ ಭಾರತದ ಬೌಲರುಗಳು ಸಡಿಲವಾದ ಚೆಂಡನ್ನು ಹಾಕದೆ, ದಿನವಿಡೀ 197 ರನ್ನುಗಳನ್ನು ಮಾತ್ರ ಬಿಟ್ಟುಕೊಟ್ಟು 6 ವಿಕೆಟ್ಟುಗಳನ್ನು ತೆಗೆದರು. ಸರಣಿಯ ಗತಿ ತಿರುಗಿದುದು ಅಲ್ಲಿ. ಎರಡನೆಯ ಸರದಿಯಲ್ಲಿ ಚೇತೇಶ್ವರ್ ಪೂಜಾರ ಮತ್ತು ಅಜಿಂಕ್ಯ ರಹಾನೆ 118 ರನ್ನುಗಳ ಜೊತೆಯಾಟವನ್ನು ಕಟ್ಟಿದರು, ಪೂಜಾರ 92ನ್ನು ಗಳಿಸಿದರು; 188ರ ಗುರಿ ಹಿಡಿದು ಹೊರಟ ಆಸ್ಟ್ರೇಲಿಯಾವನ್ನು ಅಶ್ವಿನ್ 41 ರನ್ನುಗಳಿಗೆ 6 ವಿಕೆಟ್ಟು ಕಿತ್ತು 112ಕ್ಕೆ ಮುಗಿಸಿದರು. 75 ರನ್ನುಗಳ ಗೆಲುವು, ಪಂದ್ಯಶ್ರೇಷ್ಠ ರಾಹುಲ್. ಬದಲಾವಣೆಗಳು ಅಲ್ಲಿಯೂ ನಡೆದಿದ್ದವು: ಗಾಯಗೊಂಡ ವಿಜಯರ ಸ್ಥಾನಕ್ಕೆ ಮುಕುಂದ್, ಜಯಂತ್ ಯಾದವರ ಸ್ಥಾನಕ್ಕೆ ನಮ್ಮ ಕರುಣ್ ನಾಯರ್. ಗೆಲುವು ಆ ಬದಲಾವಣೆಗಳಿಂದ ಬಂದುದಲ್ಲ, ಪುಣೆಯಲ್ಲಿ ಸೋತವರ ಕೈಯಿಂದಲೇ ಬಂದುದು.

2024ನೆಯ ಇಸವಿಯಲ್ಲಿಯೂ ಈ ಪಾಠವು ಒಮ್ಮೆ ಸರಿಯಾಗಿಯೇ ನಡೆದಿತ್ತು. ಜನವರಿ 28ರಂದು ಹೈದರಾಬಾದಿನಲ್ಲಿ, ಮೊದಲ ಸರದಿಯಲ್ಲಿ 190 ರನ್ನುಗಳ ಮುನ್ನಡೆ ಪಡೆದೂ, ಓಲಿ ಪೋಪನ 196 ಮತ್ತು ಟಾಮ್ ಹಾರ್ಟ್ಲಿಯ 7 ವಿಕೆಟ್ಟುಗಳಿಂದಾಗಿ ಭಾರತವು ಇಂಗ್ಲೆಂಡಿಗೆ 28 ರನ್ನುಗಳಿಂದ ಸೋತಿತು. ಆಗ ತರಬೇತುದಾರರು ದ್ರಾವಿಡರು. ಕೊಹ್ಲಿ ಸರಣಿಯಲ್ಲಿಯೇ ಇರಲಿಲ್ಲ. ರಾಹುಲ್ ಗಾಯಗೊಂಡು ಹೊರಗುಳಿದರು. ಹಾಗಿದ್ದೂ ವಿಶಾಖಪಟ್ಟಣದಲ್ಲಿಯೂ ರಾಜಕೋಟೆಯಲ್ಲಿಯೂ ಬ್ಯಾಟಿಗೂ ಚೆಂಡಿಗೂ ನ್ಯಾಯವಾದ ಅಂಗಳಗಳೇ ದೊರೆತುವು. ಜೈಸ್ವಾಲ್ ಎರಡೂ ಕಡೆ ದ್ವಿಶತಕ ಬಾರಿಸಿದನು, ವಿಶಾಖಪಟ್ಟಣದಲ್ಲಿ ಬುಮ್ರಾ ವೇಗದಿಂದಲೇ 9 ವಿಕೆಟ್ಟು ತೆಗೆದನು, ಹೊಸ ಹುಡುಗರು ಒಬ್ಬೊಬ್ಬರಾಗಿ ಬಂದು ನಿಂತರು, ಧರ್ಮಶಾಲೆಯಲ್ಲಿ ದೇವದತ್ತ ಪಡಿಕ್ಕಲ್ ತನ್ನ ಮೊದಲ ಟೆಸ್ಟಿನಲ್ಲಿಯೇ 65 ರನ್ನು ಗಳಿಸಿದನು. ನಾಲ್ಕಕ್ಕೆ ನಾಲ್ಕನ್ನೂ ಗೆದ್ದು ಸರಣಿಯನ್ನು ನಾಲ್ಕು-ಒಂದರಿಂದ ತಮ್ಮದಾಗಿಸಿಕೊಂಡರು. ನಾಯಕರು ಅದೇ ರೋಹಿತ್. ವರ್ಷವೂ ಅದೇ. ಒಂಬತ್ತು ತಿಂಗಳ ಅಂತರದಲ್ಲಿ ಒಬ್ಬನೇ ನಾಯಕನ ತಂಡವು ಸೋಲಿಗೆ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟು, ಎರಡು ವಿರುದ್ಧ ಫಲಗಳನ್ನು ಪಡೆಯಿತು.

ಬದಲಾವಣೆಯೇ ಕೂಡದೆಂದು ನಾನು ಹೇಳುತ್ತಿಲ್ಲ. 2024ರ ಪುಣೆ ಟೆಸ್ಟಿನಲ್ಲಿ ಒಳಬಂದ ವಾಷಿಂಗ್ಟನ್ ಸುಂದರ್ 11 ವಿಕೆಟ್ಟುಗಳನ್ನು ಪಡೆದನು. ಅವನ ಆಯ್ಕೆ ತಪ್ಪೆಂದು ಹೇಳುವ ಧೈರ್ಯ ಯಾರಿಗಿದೆ? ತಿರುಗುವ ಚೆಂಡನ್ನು ಆಡುವ ಹಳೆಯ ವಿದ್ಯೆ ನಮ್ಮ ದಾಂಡಿಗರಲ್ಲಿ ಕ್ಷೀಣಿಸಿದೆಯೆಂಬ ಮೂಲದೋಷವನ್ನು ಮಾತ್ರ ಆಗ ಯಾರೂ ಅಳೆಯಲಿಲ್ಲ; ಅಳೆಯದೆ ಆ ದೋಷವು ಎದ್ದು ಕಾಣುವ ನೆಲವನ್ನೇ ಸಿದ್ಧಪಡಿಸಿದರು. ಹೊರಗುಳಿದ ರಾಹುಲರಾದರೋ ಮುಂದಿನ ತಿಂಗಳೇ ಪರ್ತಿನಲ್ಲಿ, ತಂಡವು 150ಕ್ಕೆ ಮುಗಿದ ಮೇಲೆ, ಜೈಸ್ವಾಲನೊಡನೆ ಮೊದಲ ವಿಕೆಟ್ಟಿಗೆ 201 ರನ್ನುಗಳನ್ನು ಸೇರಿಸಿದರು. ಭಾರತವು 295 ರನ್ನುಗಳಿಂದ ಗೆದ್ದಿತು. ಆದರೂ ಪಾಠವು ಮನದಲ್ಲಿ ನಿಲ್ಲಲಿಲ್ಲ. 2025ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಮತ್ತೆ ತಿರುಗುವ ಅಂಗಳ, ದಕ್ಷಿಣ ಆಫ್ರಿಕದೆದುರು 124ರ ಗುರಿ, 93ಕ್ಕೆ ಪತನ. ಗುವಾಹಟಿಯಲ್ಲಿ 408 ರನ್ನುಗಳ ಸೋಲು.

ಟೆಸ್ಟ್ ಅಲ್ಲದಿದ್ದರೂ ನಮ್ಮದೇ ಆದ ಒಂದು ಸೋಲನ್ನು ಇಲ್ಲಿ ಹೇಳಲೇಬೇಕು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಅಂಗಳದಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ, 338ರ ಗುರಿ ಹಿಡಿದು ಹೊರಟ ಕರ್ನಾಟಕ, ಮನೀಷ್ ಪಾಂಡೆಯ 144ರ ಬಳಿಕವೂ, ಮುಂಬಯಿಗೆ 6 ರನ್ನುಗಳಿಂದ ಸೋತಿತು. ಆ ತಂಡವನ್ನು ಯಾರೂ ಒಡೆಯಲಿಲ್ಲ. ವಿನಯ್ ಕುಮಾರ್, ಅಭಿಮನ್ಯು ಮಿಥುನ್, ಪಾಂಡೆ, ಉತ್ತಪ್ಪ, ಇವರೆಲ್ಲ ಉಳಿದರು, ಬೆಳೆದರು. ದಾವಣಗೆರೆಯ ವಿನಯ್ ಕುಮಾರರ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಪ್ರಶಸ್ತಿಗಳನ್ನು ತಂದರು. ಕಾಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರೂರಲ್ಲಿ ಇಂದು ಟೆನಿಸ್ ಬಾಲಿನ ಟೂರ್ನಮೆಂಟುಗಳು ನಡೆಯುತ್ತವೆ. ಸೋತು ಬಂದ ಹುಡುಗರು 'ಅಂಪೈರ್ ಅವರ ಕಡೀಯಂವ ಇದ್ದ, ಪಿಚ್ ಸರಿ ಇರಲಿಲ್ಲ' ಎನ್ನುವುದನ್ನೂ, ಕೈಜಾರಿದ ಒಂದು ಕ್ಯಾಚಿಗಾಗಿ ಒಬ್ಬ ಹುಡುಗನನ್ನು ಮುಂದಿನ ಆದಿತ್ಯವಾರ ಕರೆಯದೆ ಇರುವುದನ್ನೂ ನಾವೆಲ್ಲ ಬಲ್ಲೆವು. ತಂಡ ಕಟ್ಟುವ ಹಿರಿಯರಲ್ಲಿಯೂ ಶಾಲೆಗಳ ದೈಹಿಕ ಶಿಕ್ಷಕರಲ್ಲಿಯೂ ನನ್ನದೊಂದು ವಿನಂತಿಯಿದೆ: ಸೋತ ಮರುದಿನ ಹುಡುಗರನ್ನು ಕೂಡಿಸಿ ಸ್ಕೋರು ಬರೆದ ಪುಸ್ತಕವನ್ನು ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ಅವರೆದುರು ಓದಿರಿ, ಕ್ಯಾಚು ಬಿಟ್ಟವನಿಗೆ ಅಂದೇ ಸಂಜೆ ನೂರು ಕ್ಯಾಚು ಕೊಡಿರಿ, ಮುಂದಿನ ಪಂದ್ಯಕ್ಕೆ ಅವನ ಹೆಸರನ್ನು ತಪ್ಪದೆ ಬರೆದುಕೊಳ್ಳಿರಿ.